ಬಲಿಕ್‌ಬಾಯನ್‌ನಿಂದ 13(ಎ)ವರೆಗೆ: ಫಿಲಿಪೀನ್ಸಿನ ವಿದೇಶಿ ಅಳಿಯ-ಸೊಸೆಯರು

ಫಿಲಿಪೀನ್ಸ್ ದೇಶದ ಪ್ರಜೆಯೊಬ್ಬರನ್ನು ಮದುವೆಯಾದ ಮಾತ್ರಕ್ಕೆ ವಿದೇಶಿಯರಿಗೆ ಆ ದೇಶದೊಳಗೆ ಕಾಲಿಡುವ ಹಕ್ಕು ಹುಟ್ಟುವುದಿಲ್ಲ, ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕಂತೂ ಹುಟ್ಟುವುದೇ ಇಲ್ಲ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ಜುಮಂಟನ್ ಪ್ರಕರಣದ ತೀರ್ಪಿನಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಹೇಳಿದೆ. ಇಂಡೊನೇಷ್ಯಾದಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಫಿಲಿಪಿನೊ ಪುರುಷನೊಬ್ಬ ಊರಿನಲ್ಲಿ ಹೆಂಡತಿಯಿದ್ದೂ 1974ರಲ್ಲಿ ಅಲ್ಲಿಯ ಮಹಿಳೆಯನ್ನು ಮದುವೆಯಾಗಿ, 1979ರಲ್ಲಿ ಆಕೆಯನ್ನು ಕುಟುಂಬದ ಅತಿಥಿಯೆಂದು ತೋರಿಸಿ ಸ್ವದೇಶಕ್ಕೆ ಕರೆತಂದಿದ್ದನು; ಮುಂದೆ ಆಕೆಗೆ ಪತ್ನಿಯೆಂಬ ನೆಲೆಯಲ್ಲಿ ಕಾಯಂ ನಿವಾಸವೂ ದೊರೆತು, ಅದು ಮೊದಲ ಹೆಂಡತಿಯ ಮಕ್ಕಳ ದೂರಿನಿಂದ ರದ್ದಾಗಿ, ಗಡಿಪಾರಿನ ಆದೇಶ ಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿಪಾರಿಗೆ ಕಾನೂನು ವಿಧಿಸಿದ್ದ ಐದು ವರ್ಷಗಳ ಕಾಲಮಿತಿ ಮೀರಿಹೋಗಿತ್ತೆಂಬ ಕಾರಣಕ್ಕೆ ಆಕೆ ಉಳಿದುಕೊಂಡಳೇ ಹೊರತು ಮದುವೆಯ ಬಲದಿಂದಲ್ಲ. ವಿದೇಶಿಯರನ್ನು ಒಳಗೆ ಬಿಟ್ಟುಕೊಳ್ಳುವುದೂ ಬಿಡದಿರುವುದೂ ಪ್ರಭುತ್ವದ ವಿವೇಚನೆಗೆ ಸೇರಿದ್ದು, ಮದುವೆಯು ಆ ವಿವೇಚನೆಯನ್ನು ಕಿತ್ತುಕೊಳ್ಳಲಾರದು ಎಂಬ ತತ್ತ್ವವನ್ನು ನ್ಯಾಯಾಲಯ ಆಗ ಗಟ್ಟಿಯಾಗಿ ನೆಲೆಗೊಳಿಸಿತು.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಫಿಲಿಪಿನೊ ಸಂಗಾತಿಯ ತವರಿಗೆ ಹೋಗುವ ವಿದೇಶಿಯರಿಗೆ ಆ ದೇಶ ಮಾಡಿಕೊಟ್ಟಿರುವ ಏರ್ಪಾಡುಗಳ ಒಳತರ್ಕ ಅರ್ಥವಾಗುತ್ತದೆ. ಅವುಗಳಲ್ಲಿ ಅತ್ಯಂತ ಉದಾರವಾದುದು ಕೂಡ ವಿದೇಶಿ ಅಳಿಯನಿಗಾಗಿಯೋ ಸೊಸೆಗಾಗಿಯೋ ರಚಿತವಾದುದಲ್ಲ. ಊರು ಬಿಟ್ಟು ಹೋದ ತನ್ನ ಮಕ್ಕಳು ಆಗಾಗ ಮರಳಿ ಬರಲಿ ಎಂದು ದೇಶವು ರೂಪಿಸಿದ ಸೌಲಭ್ಯದ ಒಂದು ಪಾಲು, ಅವರ ಜೊತೆಗಿರುವವರಿಗೆ ತಾನಾಗಿ ದಕ್ಕಿದೆ. ಹಬ್ಬಕ್ಕೆ ಮಗಳೊಂದಿಗೆ ಬಂದ ಅಳಿಯನಿಗೆ ಸಿಗುವ ಉಪಚಾರ, ಅದೇ ಅಳಿಯ ಒಬ್ಬನೇ ಬಂದು ಬಾಗಿಲು ತಟ್ಟಿದಾಗಲೂ ಸಿಕ್ಕೀತೆಂಬ ಖಾತರಿಯಿಲ್ಲವಷ್ಟೆ. ಫಿಲಿಪೀನ್ಸಿನ ವಲಸೆ ಕಾನೂನು ಬಹುಪಾಲು ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಎಲ್ಲಕ್ಕೂ ತಳಹದಿಯಾಗಿರುವುದು 1940ರ ಫಿಲಿಪೀನ್ಸ್ ವಲಸೆ ಕಾಯ್ದೆ. ದೇಶವು ಇನ್ನೂ ಅಮೆರಿಕದ ಆಳ್ವಿಕೆಯಡಿ ಕಾಮನ್‌ವೆಲ್ತ್ ಎಂಬ ಅರೆ-ಸ್ವಾಯತ್ತ ಸ್ಥಿತಿಯಲ್ಲಿದ್ದಾಗ ಜಾರಿಗೆ ಬಂದ ಈ ಕಾಯ್ದೆಯು, ಸ್ವಾತಂತ್ರ್ಯ ಬಂದು ಎಂಟು ದಶಕಗಳಾಗುತ್ತ ಬಂದರೂ ಹಲವು ತಿದ್ದುಪಡಿಗಳೊಂದಿಗೆ ಉಳಿದುಕೊಂಡಿದೆ. ವಲಸೆ ಕಚೇರಿಯ ನಿತ್ಯದ ಮಾತಿನಲ್ಲಿ ವೀಸಾಗಳಿಗೆ ಇಂದಿಗೂ ಈ ಕಾಯ್ದೆಯ ಸೆಕ್ಷನ್ ಸಂಖ್ಯೆಗಳೇ ಹೆಸರು. ಒಂಬತ್ತನೆಯ ಸೆಕ್ಷನ್ನಿನ ಎ ಉಪವಿಧಿಯು ಪ್ರವಾಸಕ್ಕೋ ವ್ಯವಹಾರಕ್ಕೋ ಬರುವ ತಾತ್ಕಾಲಿಕ ಸಂದರ್ಶಕರದ್ದಾದ್ದರಿಂದ ಅವರ ವೀಸಾ 9(ಎ) ಎನಿಸಿದರೆ, ನೆಲೆಸಲು ಬರುವವರನ್ನು ಕುರಿತ ಹದಿಮೂರನೆಯ ಸೆಕ್ಷನ್ನಿನ ಎ ಉಪವಿಧಿಯು ಫಿಲಿಪೀನ್ಸ್ ಪ್ರಜೆಯ ಪತಿ, ಪತ್ನಿ ಮತ್ತು ಇಪ್ಪತ್ತೊಂದು ವರ್ಷದೊಳಗಿನ ಅವಿವಾಹಿತ ಮಕ್ಕಳದ್ದಾಗಿ 13(ಎ) ಎನಿಸಿದೆ. ಯಾವುದೇ ಒಂದು ರಾಷ್ಟ್ರದಿಂದ ವರ್ಷಕ್ಕೆ ಐವತ್ತಕ್ಕಿಂತ ಹೆಚ್ಚು ಮಂದಿ ವಲಸಿಗರಾಗಿ ಬರಕೂಡದೆಂದು ಮಿತಿ ಹಾಕಿದ ಕಾಯ್ದೆಯೇ ಸಂಗಾತಿಗಳನ್ನು ಆ ಮಿತಿಯ ಹೊರಗಿಟ್ಟು 'ಕೋಟಾ ರಹಿತ' ವಲಸಿಗರೆಂದು ಕರೆಯಿತು. ಆದರೆ ಆ ಉಪವಿಧಿಯ ಮಾತುಗಳನ್ನು ಗಮನಿಸಬೇಕು: ಸಂಗಾತಿಯು ಫಿಲಿಪೀನ್ಸ್ ಪ್ರಜೆಯ ಜೊತೆಯಲ್ಲಿ ಬರುತ್ತಿರಬೇಕು, ಇಲ್ಲವೇ ಆ ಪ್ರಜೆಯನ್ನು ಕೂಡಿಕೊಳ್ಳಲು ಹಿಂದಿನಿಂದ ಬರುತ್ತಿರಬೇಕು. ಒಂಟಿಯಾಗಿ ನಿಂತ ವಿದೇಶಿಯರ ಕಲ್ಪನೆ ಆ ಉಪವಿಧಿಯಲ್ಲಿ ಇಲ್ಲ.

ಅಲ್ಪಾವಧಿಯ ಭೇಟಿಗೆ ಹೋಗುವವರ ಪೈಕಿ ಹೆಚ್ಚಿನವರು ಹಿಡಿಯುವ ದಾರಿ ಬಲಿಕ್‌ಬಾಯನ್ ಸೌಲಭ್ಯ. ಟಗಾಲೊಗ್ ಭಾಷೆಯಲ್ಲಿ ಬಲಿಕ್‌ಬಾಯನ್ ಎಂದರೆ ತಾಯ್ನೆಲಕ್ಕೆ ಮರಳಿದವರು. ಸೈನಿಕ ಕಾನೂನು ಹೇರಿದ ಮರುವರ್ಷ, ಅಂದರೆ 1973ರಲ್ಲಿ, ಫರ್ಡಿನಾಂಡ್ ಮಾರ್ಕೋಸ್ ಸರ್ಕಾರವು ಮುಖ್ಯವಾಗಿ ಅಮೆರಿಕದಲ್ಲಿ ನೆಲೆಸಿದ್ದ ಫಿಲಿಪಿನೊಗಳನ್ನು ರಿಯಾಯಿತಿಗಳ ಆಮಿಷದೊಂದಿಗೆ ಊರಿಗೆ ಆಹ್ವಾನಿಸಿದ್ದು ಈ ಕಾರ್ಯಕ್ರಮದ ಮೂಲ. ಡಾಲರುಗಳ ಆಸೆಯೂ, ತನ್ನ ಆಳ್ವಿಕೆಯಲ್ಲಿ ದೇಶ ಶಾಂತವಾಗಿದೆಯೆಂದು ಹೊರನಾಡಿನವರಿಗೆ ಮನಗಾಣಿಸುವ ಹಂಬಲವೂ ಅದರಲ್ಲಿ ಬೆರೆತಿದ್ದವು. ಮಾರ್ಕೋಸ್ ಪದಚ್ಯುತರಾದ ಮೇಲೂ ಕಾರ್ಯಕ್ರಮ ನಿಲ್ಲಲಿಲ್ಲ. ಕೊರಾಜೊನ್ ಅಕಿನೊ ಅವರ ಕಾಲದಲ್ಲಿ, 1989ರಲ್ಲಿ, ಅದು ಗಣರಾಜ್ಯ ಕಾಯ್ದೆ 6768 ಆಗಿ ಶಾಸನದ ರೂಪ ತಳೆದು, 2002ರಲ್ಲಿ ಕಾಯ್ದೆ 9174ರ ಮೂಲಕ ವಿಸ್ತಾರಗೊಂಡಿತು. ಹೊರದೇಶದ ದುಡಿಮೆಯ ಮೇಲೆ ನಿಂತ ಆರ್ಥಿಕತೆಯೊಂದು ಇಂಥ ಕಾಯ್ದೆಯನ್ನು ಕೈಬಿಡುವುದು ಅಸಂಭವವೇ ಸರಿ. 2024ರಲ್ಲಿ ಹೊರನಾಡ ಫಿಲಿಪಿನೊಗಳು ಬ್ಯಾಂಕುಗಳ ಮೂಲಕ ಮನೆಗೆ ಕಳುಹಿಸಿದ ಹಣ 34 ಶತಕೋಟಿ ಡಾಲರುಗಳನ್ನು ಮೀರಿತ್ತು.

ಕಾಯ್ದೆಯ ಪ್ರಕಾರ ಬಲಿಕ್‌ಬಾಯನ್ ಎನಿಸಿಕೊಳ್ಳುವವರು ಮೂರು ಬಗೆಯವರು: ಕನಿಷ್ಠ ಒಂದು ವರ್ಷ ಸತತವಾಗಿ ದೇಶದ ಹೊರಗಿದ್ದ ಫಿಲಿಪೀನ್ಸ್ ಪ್ರಜೆ, ಹೊರದೇಶದಲ್ಲಿ ದುಡಿಯುವ ಫಿಲಿಪಿನೊ ಕಾರ್ಮಿಕ, ಮತ್ತು ಬೇರೊಂದು ದೇಶದ ಪೌರತ್ವ ಪಡೆದ ಮಾಜಿ ಪ್ರಜೆ. ಇವರೊಂದಿಗೆ ಬರುವ ಪತಿ ಅಥವಾ ಪತ್ನಿ ಮತ್ತು ಮಕ್ಕಳು ವಿದೇಶಿ ಪಾಸ್‌ಪೋರ್ಟ್ ಹೊಂದಿದ್ದರೂ ವೀಸಾ ಇಲ್ಲದೆ, ಶುಲ್ಕವಿಲ್ಲದೆ, ಒಂದು ವರ್ಷದವರೆಗೆ ದೇಶದಲ್ಲಿರಬಹುದು. ಮುಂಗಡ ಅರ್ಜಿಯ ಅಗತ್ಯವಿಲ್ಲ. ಮನಿಲಾದ ನಿನೊಯ್ ಅಕಿನೊ ವಿಮಾನ ನಿಲ್ದಾಣದಲ್ಲೋ ಸೆಬುವಿನ ಮಕ್ತಾನ್‌ನಲ್ಲೋ ವಲಸೆ ತಪಾಸಣೆಯ ಕೌಂಟರಿನೆದುರು ದಂಪತಿಗಳು ಒಟ್ಟಾಗಿ ನಿಂತು, ಫಿಲಿಪಿನೊ ಸಂಗಾತಿಯ ಪಾಸ್‌ಪೋರ್ಟನ್ನೂ ಮದುವೆಯ ಪ್ರಮಾಣಪತ್ರವನ್ನೂ ಮುಂದಿಟ್ಟು ಕೇಳಿದರೆ ಅಧಿಕಾರಿಯು ಒಂದು ವರ್ಷದ ಮೊಹರನ್ನು ಒತ್ತುತ್ತಾರೆ. ಕೇಳಬೇಕೆಂಬುದು ಇಲ್ಲಿ ಮುಖ್ಯ, ಏಕೆಂದರೆ ಕೇಳದಿದ್ದವರಿಗೆ ಸಾಮಾನ್ಯ ಪ್ರವಾಸಿಯ 30 ದಿನಗಳ ಮೊಹರು ಬೀಳುವ ಸಂಭವ ಹೆಚ್ಚು. ಕೌಂಟರು ಬಿಡುವ ಮುನ್ನವೇ ಪಾಸ್‌ಪೋರ್ಟಿನ ಪುಟ ತೆರೆದು ದಿನಾಂಕವನ್ನು ಓದಿಕೊಳ್ಳುವುದು ಜಾಣತನ. ದೇಶಕ್ಕೆ ಬಂದಿಳಿಯುವ ಮುಂಚಿನ 72 ಗಂಟೆಗಳೊಳಗೆ ಇ-ಟ್ರಾವೆಲ್ ಎಂಬ ಉಚಿತ ಸರ್ಕಾರಿ ತಾಣದಲ್ಲಿ ಮಾಡಬೇಕಾದ ನೋಂದಣಿಯಿಂದ ಮಾತ್ರ ಇವರಿಗೂ ವಿನಾಯಿತಿಯಿಲ್ಲ.

ಇಷ್ಟು ಸರಳವಾದ ಸೌಲಭ್ಯವು ಕೈತಪ್ಪುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಪ್ರವೇಶದ ಕ್ಷಣದಲ್ಲಿ ಇಬ್ಬರೂ ಜೊತೆಗಿರಬೇಕೆಂಬುದು ಮೊದಲ ಷರತ್ತು: ಹೆಂಡತಿ ಮೊದಲೇ ಊರು ಸೇರಿಕೊಂಡು ಗಂಡ ವಾರದ ಬಳಿಕ ಹಿಂಬಾಲಿಸಿದರೆ, ಮದುವೆ ಎಷ್ಟೇ ಹಳೆಯದಾದರೂ, ಆತ ಸಾಮಾನ್ಯ ಪ್ರವಾಸಿಯಷ್ಟೆ. ಅದೇ ರೀತಿ, ವರ್ಷದ ಮೊಹರಿನ ಮೇಲೆ ಉಳಿದುಕೊಂಡವರು ನಡುವೆ ಒಬ್ಬರೇ ಹೊರದೇಶಕ್ಕೆ ಹೋಗಿ ಬಂದರೆ ಹಿಂದಿನ ಅವಧಿ ಅಲ್ಲಿಗೇ ಮುಗಿದುಹೋಗುತ್ತದೆ. ಎರಡನೆಯ ಷರತ್ತು ಪಾಸ್‌ಪೋರ್ಟಿಗೆ ಸಂಬಂಧಿಸಿದ್ದು. ಕಾಯ್ದೆಯು ನಿರ್ಬಂಧಿತ ರಾಷ್ಟ್ರಗಳ ಪ್ರಜೆಗಳನ್ನು ಈ ಸೌಲಭ್ಯದಿಂದ ಹೊರಗಿಟ್ಟಿದೆ. ವೀಸಾ ಪಡೆದೇ ಬರಬೇಕಾದ ದೇಶಗಳವರು ಇದರಲ್ಲಿ ಸೇರುತ್ತಾರೆಂಬುದು ರಾಯಭಾರ ಕಚೇರಿಗಳು ಪಾಲಿಸಿಕೊಂಡು ಬಂದಿರುವ ವ್ಯಾಖ್ಯಾನ. ಒಂದು ವರ್ಷ ಹೊರಗಿರಬೇಕೆಂಬ ನಿಯಮವನ್ನು ಎಷ್ಟರ ಮಟ್ಟಿಗೆ ಅಕ್ಷರಶಃ ನೋಡಬೇಕೆಂಬುದು ಕೌಂಟರಿನಲ್ಲಿ ಕುಳಿತ ಅಧಿಕಾರಿಯ ವಿವೇಚನೆಗೆ ಬಿಟ್ಟಂತಿರುವುದರಿಂದ, ವರ್ಷದ ಅವಧಿ ಮುಗಿಯುತ್ತಿದ್ದಂತೆ ದಂಪತಿಗಳು ಹಾಂಗ್‌ಕಾಂಗಿಗೆ ಹೋಗಿ ಎರಡು ದಿನದಲ್ಲಿ ಮರಳಿ ಹೊಸ ಮೊಹರು ಪಡೆಯಲು ನೋಡುವ ಪರಿಪಾಠವೂ ಬೆಳೆದಿದೆ. ಕಾಯ್ದೆಯ ಮಾತಿನೊಂದಿಗೆ ಇದು ಹೊಂದುವುದಿಲ್ಲ. ಅಂಥ ಪ್ರವಾಸವನ್ನು ನೆಚ್ಚಿಕೊಂಡು ಬದುಕು ಕಟ್ಟಿಕೊಳ್ಳುವುದು ಅಪಾಯಕರ.

ಬಲಿಕ್‌ಬಾಯನ್ ದಾರಿ ದೊರೆಯದವರು ಸಾಮಾನ್ಯ ಪ್ರವಾಸಿಗಳಾಗಿ ಬರಬಹುದು. ವೀಸಾ ವಿನಾಯಿತಿಯ ಪಟ್ಟಿಯಲ್ಲಿರುವ ನೂರೈವತ್ತಕ್ಕೂ ಹೆಚ್ಚು ದೇಶಗಳ ಪ್ರಜೆಗಳಿಗೆ ಹಿಂದೆ 21 ದಿನಗಳಷ್ಟೇ ಇದ್ದ ಆರಂಭಿಕ ಅವಧಿ 2013ರ ಆಗಸ್ಟ್‌ನಿಂದ 30 ದಿನಗಳಾಗಿದೆ. ಆರು ತಿಂಗಳ ಸಿಂಧುತ್ವ ಉಳಿದಿರುವ ಪಾಸ್‌ಪೋರ್ಟ್ ಮತ್ತು ಮುಂದಿನ ಪ್ರಯಾಣದ ಟಿಕೆಟ್ ಕೈಯಲ್ಲಿರಬೇಕು. ಈ 30 ದಿನಗಳಿಗೆ ಮೊದಲ ಕಂತಾಗಿ 29 ದಿನಗಳನ್ನು ಸೇರಿಸಿಕೊಳ್ಳಬಹುದು, ಆಮೇಲೆ ಒಂದು, ಎರಡು ಅಥವಾ ಆರು ತಿಂಗಳುಗಳ ಕಂತುಗಳಲ್ಲಿ ಮುಂದುವರಿಸುತ್ತ ಹೋಗಬಹುದು. ಹೀಗೆ ವಿನಾಯಿತಿ ಪಡೆದ ದೇಶಗಳವರು ಒಟ್ಟು 36 ತಿಂಗಳು, ವೀಸಾ ಪಡೆದು ಬಂದವರು 24 ತಿಂಗಳು ದೇಶ ಬಿಡದೆ ಇರಬಹುದೆಂಬುದು ಪ್ರವಾಸಿ ವೀಸಾ ಎಂಬ ಹೆಸರಿಗೆ ಅಷ್ಟಾಗಿ ಒಪ್ಪದ ಔದಾರ್ಯ. 59 ದಿನಗಳನ್ನು ದಾಟಿದವರು ಎಸಿಆರ್ ಐ-ಕಾರ್ಡ್ ಎಂಬ ವಿದೇಶಿಯರ ನೋಂದಣಿ ಚೀಟಿಯನ್ನು ಮಾಡಿಸಿಕೊಳ್ಳಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದವರು ಹೊರಡುವ ಮುನ್ನ ತಮ್ಮ ಮೇಲೆ ಯಾವ ಬಾಕಿಯೂ ಮೊಕದ್ದಮೆಯೂ ಇಲ್ಲವೆಂದು ತೋರಿಸುವ ನಿರ್ಗಮನ ಅನುಮತಿ ಪತ್ರವನ್ನು, ಅಂದರೆ ಇಸಿಸಿಯನ್ನು, ಪಡೆಯಬೇಕು. ಇದನ್ನು ಮರೆತು ನೇರವಾಗಿ ವಿಮಾನ ನಿಲ್ದಾಣಕ್ಕೆ ಬಂದವರ ಪ್ರಯಾಣ ಅಲ್ಲಿಯೇ ನಿಂತುಹೋಗಬಹುದು.

ಪ್ರವಾಸಿಯಾಗಿ ಕಂತು ಕಟ್ಟುತ್ತ ವರ್ಷಗಟ್ಟಲೆ ಇರುವ ಸಂಗಾತಿಗಳು ಸಾಕಷ್ಟಿದ್ದಾರೆ, ಅದು ಸೋಮಾರಿತನದಿಂದಲೇ ಎನ್ನುವಂತಿಲ್ಲ. 13(ಎ) ವೀಸಾಕ್ಕೆ ಬೇಕಾದ ಕಾಗದಪತ್ರಗಳ ಹೊರೆ, ಮನಿಲಾದ ಹಳೆಯ ಕೋಟೆನಗರಿ ಇಂಟ್ರಾಮುರೊಸ್‌ನಲ್ಲಿರುವ ವಲಸೆ ಇಲಾಖೆಯ ಕೇಂದ್ರ ಕಚೇರಿಗೋ ಪ್ರಾಂತೀಯ ಕಚೇರಿಗೋ ಮತ್ತೆ ಮತ್ತೆ ಹೋಗಬೇಕಾದ ಅನಿವಾರ್ಯತೆ, ಇವೆಲ್ಲ ವರ್ಷದಲ್ಲಿ ಮೂರು ತಿಂಗಳು ಮಾತ್ರ ಇರಬಯಸುವವರಿಗೆ ವ್ಯರ್ಥ ಶ್ರಮ. ಉಳಿಯುವ ಕಾಲವೂ ಮಾಡಬೇಕೆಂದಿರುವ ಕೆಲಸವೂ ಆಯ್ಕೆಯನ್ನು ನಿರ್ಧರಿಸಬೇಕೇ ಹೊರತು, ದೊಡ್ಡ ವೀಸಾ ಇದ್ದರೆ ಮದುವೆಗೆ ಗೌರವ ಹೆಚ್ಚೆಂಬ ಭಾವನೆಯಲ್ಲ.

ನೆಲೆಸಬೇಕೆಂಬ ಉದ್ದೇಶವಿದ್ದಲ್ಲಿ ಮಾತ್ರ 13(ಎ) ತನ್ನ ಬೆಲೆಯನ್ನು ತೋರಿಸುತ್ತದೆ. ಅರ್ಜಿಯು ದಂಪತಿಗಳಿಬ್ಬರೂ ಸಹಿ ಹಾಕಿದ ಜಂಟಿ ಮನವಿಪತ್ರದಿಂದ ಆರಂಭವಾಗುತ್ತದೆ. ಅದರೊಂದಿಗೆ ಮದುವೆಯ ನೋಂದಣಿ, ಸಂಗಾತಿಯ ಫಿಲಿಪಿನೊ ಪೌರತ್ವದ ಪುರಾವೆ, ಸಂಸಾರ ನಡೆಸುವ ಆರ್ಥಿಕ ಶಕ್ತಿಯ ದಾಖಲೆ, ದೇಶದಲ್ಲಿ ಆರು ತಿಂಗಳು ಇದ್ದವರಾದರೆ ರಾಷ್ಟ್ರೀಯ ತನಿಖಾ ದಳದ ನಿರಪರಾಧ ಪತ್ರ, ಆರೋಗ್ಯ ತಪಾಸಣೆಯ ಪತ್ರ ಇವೆಲ್ಲ ಸೇರಬೇಕು. ಪ್ರವಾಸಿಯಾಗಿಯೋ ಬಲಿಕ್‌ಬಾಯನ್ ಮೊಹರಿನ ಮೇಲೆಯೋ ಒಳಬಂದವರು ಅಲ್ಲಿದ್ದುಕೊಂಡೇ ವೀಸಾ ಬದಲಾವಣೆ ಕೇಳಬಹುದು, ಅಥವಾ ತಾವು ವಾಸಿಸುವ ದೇಶದ ಫಿಲಿಪೀನ್ಸ್ ರಾಯಭಾರ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ದೇಶದೊಳಗೆ ಅರ್ಜಿ ಹಾಕಿದವರಿಗೆ ಮೊದಲು ದೊರೆಯುವುದು ಒಂದು ವರ್ಷದ ಪರೀಕ್ಷಾರ್ಥ ನಿವಾಸ. ಆ ವರ್ಷ ಕಳೆಯುವ ಮುನ್ನ ಮತ್ತೊಮ್ಮೆ ದಾಖಲೆಗಳೊಂದಿಗೆ ಬಂದು ಮದುವೆ ನೆಪಮಾತ್ರದ್ದಲ್ಲವೆಂದು ಇಲಾಖೆಗೆ ಮನವರಿಕೆ ಮಾಡಿಕೊಟ್ಟರೆ ಅದು ಕಾಯಂ ನಿವಾಸವಾಗುತ್ತದೆ. ನಿವಾಸವು ಕಾಯಂ ಆದರೂ ಎಸಿಆರ್ ಐ-ಕಾರ್ಡನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಪ್ರತಿ ವರ್ಷದ ಮೊದಲ 60 ದಿನಗಳೊಳಗೆ ವಲಸೆ ಇಲಾಖೆಯೆದುರು ವಾರ್ಷಿಕ ವರದಿ ನೀಡಿ ಹಾಜರಿ ಹಾಕಬೇಕು. 1950ರ ವಿದೇಶಿಯರ ನೋಂದಣಿ ಕಾಯ್ದೆ ಹೊರಿಸಿದ ಈ ಹಾಜರಿಯ ಶುಲ್ಕ ಮುನ್ನೂರು ಚಿಲ್ಲರೆ ಪೆಸೊ ಮಾತ್ರ, ಮರೆತವರು ತೆರುವ ದಂಡ ಮತ್ತು ಅಲೆದಾಟ ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ.

ಈ ವೀಸಾದ ನಿಜವಾದ ಲಾಭವಿರುವುದು ದುಡಿಮೆಯಲ್ಲಿ. ಬಲಿಕ್‌ಬಾಯನ್ ಮೊಹರಾಗಲಿ ಪ್ರವಾಸಿ ವೀಸಾ ಆಗಲಿ ಸಂಬಳದ ಕೆಲಸಕ್ಕೆ ಅವಕಾಶ ಕೊಡುವುದಿಲ್ಲ. ಇತರ ವಿದೇಶಿಯರು ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಉದ್ಯೋಗ ಪರವಾನಗಿಯಿಂದ 13(ಎ) ನಿವಾಸಿಗಳಿಗೆ, ಪರೀಕ್ಷಾರ್ಥ ವರ್ಷದಲ್ಲಿರುವವರೂ ಸೇರಿದಂತೆ, ವಿನಾಯಿತಿಯಿದೆ. ಹಾಗೆಂದು ವೈದ್ಯ, ವಕೀಲ, ಎಂಜಿನಿಯರುಗಳು ಅಲ್ಲಿ ಹೋಗಿ ತಮ್ಮ ವೃತ್ತಿಯ ಫಲಕ ತೂಗುಹಾಕುವಂತಿಲ್ಲ, ಏಕೆಂದರೆ 1987ರ ಸಂವಿಧಾನವು ಪರವಾನಗಿ ಬೇಕಾದ ವೃತ್ತಿಗಳನ್ನು, ಕಾನೂನು ಹೇಳಿದ ಅಪವಾದಗಳ ಹೊರತು, ತನ್ನ ಪ್ರಜೆಗಳಿಗೇ ಮೀಸಲಿಟ್ಟಿದೆ. ಪರಸ್ಪರತೆಯ ಷರತ್ತನ್ನೂ ಇಲ್ಲಿಯೇ ಹೇಳಬೇಕು. ಫಿಲಿಪಿನೊಗಳಿಗೆ ತನ್ನಲ್ಲಿ ಇದೇ ಬಗೆಯ ಕಾಯಂ ನಿವಾಸವನ್ನು ನೀಡುವ ದೇಶದ ಪ್ರಜೆಗಳಿಗೆ ಮಾತ್ರ 13(ಎ) ಲಭ್ಯ. ಅಂಥ ಒಪ್ಪಂದ ಅಥವಾ ಪರಿಪಾಠ ಇಲ್ಲದ ದೇಶಗಳಿಂದ ಬಂದ ಸಂಗಾತಿಗಳಿಗಾಗಿ ವಲಸೆ ಇಲಾಖೆಯು ತಾತ್ಕಾಲಿಕ ನಿವಾಸಿ ವೀಸಾ ಎಂಬ ಇನ್ನೊಂದು ಏರ್ಪಾಡನ್ನು ಮಾಡಿದ್ದು, ಅದು ಮದುವೆಯ ಆಧಾರದ್ದೇ ಆದರೂ ಅವಧಿಬದ್ಧವಾಗಿದ್ದು ಮತ್ತೆ ಮತ್ತೆ ನವೀಕರಣ ಬೇಡುತ್ತದೆ.

ಇವೆಲ್ಲಕ್ಕೂ ಆಧಾರವಾದ ಮದುವೆಯ ಕಾಗದ ಎಲ್ಲಿಂದ ಬಂದಿದೆ ಎಂಬುದು ಮೇಲುನೋಟಕ್ಕೆ ಕಾಣುವಷ್ಟು ಸಣ್ಣ ವಿಷಯವಲ್ಲ. ಫಿಲಿಪೀನ್ಸಿನಲ್ಲಿ ಮದುವೆಯಾಗುವ ವಿದೇಶಿಯರು, ಮದುವೆಯಾಗಲು ತಮಗೆ ಕಾನೂನಿನ ಅಡ್ಡಿಯಿಲ್ಲವೆಂದು ತಮ್ಮ ದೇಶದ ರಾಯಭಾರ ಕಚೇರಿಯಿಂದ ಪಡೆದ ಪತ್ರವನ್ನು ಸಲ್ಲಿಸಬೇಕೆಂದು 1987ರ ಕುಟುಂಬ ಸಂಹಿತೆಯ 21ನೆಯ ವಿಧಿ ಹೇಳುತ್ತದೆ; ಅರ್ಜಿಯ ವಿವರಗಳು ಸ್ಥಳೀಯ ನೋಂದಣಿ ಕಚೇರಿಯ ಫಲಕದಲ್ಲಿ ಹತ್ತು ದಿನ ಪ್ರಕಟವಾಗಿರಬೇಕು, ಆಮೇಲೆ ಸಿಗುವ ಮದುವೆಯ ಪರವಾನಗಿ 120 ದಿನಗಳವರೆಗೆ ಸಿಂಧು. ಹೊರದೇಶದಲ್ಲಿ ಮದುವೆಯಾದವರು ಅದನ್ನು ಅಲ್ಲಿಯ ಫಿಲಿಪೀನ್ಸ್ ದೂತಾವಾಸಕ್ಕೆ ವರದಿ ಮಾಡಬೇಕು. ಆ ವರದಿಯು ಮನಿಲಾದ ಅಂಕಿಅಂಶ ಪ್ರಾಧಿಕಾರವಾದ ಪಿಎಸ್‌ಎ ದಾಖಲೆ ಸೇರಿದ ಮೇಲೆ ಭದ್ರತಾ ಕಾಗದದ ಮೇಲೆ ಮುದ್ರಿತವಾಗಿ ಬರುವ ಪ್ರತಿಗೆ ಸರ್ಕಾರಿ ಕಚೇರಿಗಳಲ್ಲಿ ಇರುವ ಮನ್ನಣೆ ಬೇರಾವ ಕಾಗದಕ್ಕೂ ಇಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ದುಬೈಯದ್ದೋ ಸಿಂಗಪುರದ್ದೋ ಪ್ರಮಾಣಪತ್ರ ನಡೆದೀತು, 13(ಎ) ಅರ್ಜಿಯೊಂದಿಗೆ ಮಾತ್ರ ಪಿಎಸ್‌ಎ ಪ್ರತಿಯನ್ನೇ ಇಡಬೇಕಾಗುತ್ತದೆ. ಮದುವೆಯಾಗಿ ಹತ್ತು ವರ್ಷವಾದರೂ ವರದಿ ಮಾಡದೆ ಬಿಟ್ಟಿದ್ದವರಿಗೆ ಅದರ ಪರಿಣಾಮ ಗೊತ್ತಾಗುವುದು ಈ ಹಂತದಲ್ಲಿ.

ಹಿಂದಿನ ಮದುವೆಯ ನೆರಳು ಇನ್ನೂ ದೊಡ್ಡ ತೊಡಕು. ವ್ಯಾಟಿಕನ್ ಬಿಟ್ಟರೆ ವಿಚ್ಛೇದನಕ್ಕೆ ಸಾಮಾನ್ಯ ಕಾನೂನೇ ಇಲ್ಲದ ದೇಶ ಫಿಲಿಪೀನ್ಸ್. 1977ರ ಮುಸ್ಲಿಂ ವೈಯಕ್ತಿಕ ಕಾನೂನು ಸಂಹಿತೆಗೆ ಒಳಪಟ್ಟವರಷ್ಟೇ ಇದಕ್ಕೆ ಅಪವಾದ. ವಿದೇಶಿ ಸಂಗಾತಿ ತನ್ನ ದೇಶದಲ್ಲಿ ವಿಚ್ಛೇದನ ಪಡೆದು ಮರುಮದುವೆಗೆ ಅರ್ಹನಾದರೆ ಫಿಲಿಪಿನೊ ಸಂಗಾತಿಯೂ ಬಿಡುಗಡೆ ಹೊಂದುವಂತೆ ಕುಟುಂಬ ಸಂಹಿತೆಯ 26ನೆಯ ವಿಧಿ ಒಂದು ಕಿಂಡಿ ಬಿಟ್ಟಿತ್ತು. ವಿಚ್ಛೇದನ ಕೇಳಿದವರು ಫಿಲಿಪಿನೊ ಆಗಿದ್ದರೂ ಇದು ಅನ್ವಯಿಸುತ್ತದೆಂದು 2018ರ ಮನಾಲೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಿಗ್ಗಿಸಿತು. ಆದರೂ ಹೊರದೇಶದ ಆ ವಿಚ್ಛೇದನವನ್ನು ಫಿಲಿಪೀನ್ಸಿನ ನ್ಯಾಯಾಲಯವೊಂದು ಮಾನ್ಯ ಮಾಡುವವರೆಗೆ ದಾಖಲೆಯಲ್ಲಿ ಹಳೆಯ ಮದುವೆಯೇ ಉಳಿದಿರುತ್ತದೆ, ಮತ್ತು ಹಳೆಯ ಮದುವೆ ಉಳಿದಿರುವಷ್ಟು ಕಾಲ ಹೊಸ ಸಂಗಾತಿಯು ವಲಸೆ ಕಾನೂನಿನ ಕಣ್ಣಿಗೆ ಸಂಗಾತಿಯೇ ಅಲ್ಲ. ಸಲಿಂಗ ದಂಪತಿಗಳ ಮದುವೆ ಬೇರೆ ದೇಶದಲ್ಲಿ ಎಷ್ಟೇ ಕ್ರಮಬದ್ಧವಾಗಿ ನಡೆದಿದ್ದರೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮದುವೆಯೆಂದರೆ ಗಂಡು-ಹೆಣ್ಣಿನ ನಡುವಿನದೆಂಬ ಸಂಹಿತೆಯ ಮೊದಲ ವಿಧಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ವಜಾ ಮಾಡಿದೆ.

ಕಾಯಂ ನಿವಾಸ ಸಿಕ್ಕಮೇಲೂ ದಕ್ಕದ ಒಂದು ವಸ್ತುವೆಂದರೆ ಭೂಮಿ. ಸಂವಿಧಾನದ ಹನ್ನೆರಡನೆಯ ಅನುಚ್ಛೇದವು, ಉತ್ತರಾಧಿಕಾರದಿಂದ ಬಂದುದರ ಹೊರತು, ಖಾಸಗಿ ಜಮೀನು ವಿದೇಶಿಯರ ಹೆಸರಿಗೆ ಹೋಗುವುದನ್ನು ನಿಷೇಧಿಸಿದೆ. ಆದ್ದರಿಂದ ವಿದೇಶಿ ಗಂಡನ ಉಳಿತಾಯದಿಂದ ಕೊಂಡ ನಿವೇಶನವೂ ಫಿಲಿಪಿನೊ ಹೆಂಡತಿಯ ಹೆಸರಿನಲ್ಲೇ ನೋಂದಣಿಯಾಗುತ್ತದೆ. ಸಂಸಾರ ಚೆನ್ನಾಗಿರುವಷ್ಟು ದಿನ ಇದರಿಂದ ಬಾಧಕವಿಲ್ಲ. ಕೆಟ್ಟಾಗ ಏನಾಗುತ್ತದೆಂಬುದಕ್ಕೆ 2006ರ ಮುಲ್ಲರ್ ಪ್ರಕರಣ ನಿದರ್ಶನ. ಜರ್ಮನಿಯಲ್ಲಿ ಪಿತ್ರಾರ್ಜಿತವಾಗಿ ಬಂದ ಆಸ್ತಿಯನ್ನು ಮಾರಿದ ಹಣದಿಂದ ಮನಿಲಾ ಬಳಿಯ ಆಂಟಿಪೊಲೊದಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದ್ದ ಪತಿ, ದಾಂಪತ್ಯ ಮುರಿದ ಬಳಿಕ ಜಮೀನನ್ನಲ್ಲ, ಅದಕ್ಕೆ ಹಾಕಿದ ಹಣವನ್ನಾದರೂ ಹಿಂದಿರುಗಿಸಿಕೊಡಿಸಿ ಎಂದು ಕೇಳಿದಾಗ, ನಿಷೇಧವನ್ನು ಬಲ್ಲವನೇ ಅದನ್ನು ಬಳಸುದಾರಿಯಿಂದ ಮೀರಲು ಹೊರಟು ಈಗ ನ್ಯಾಯದ ಸಮತೆಯನ್ನು ಬೇಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಆ ಕೋರಿಕೆಯನ್ನೂ ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಈ ತೀರ್ಪು ಸುಸಂಗತ. ಮಾನವೀಯವಾಗಿ ಅದನ್ನು ಸಮರ್ಥಿಸುವುದು ಅಷ್ಟು ಸುಲಭವಲ್ಲ. ವಿದೇಶಿಯರು ತಮ್ಮ ಹೆಸರಿಗೇ ಕೊಳ್ಳಬಹುದಾದದ್ದು ಕಾಂಡೊಮಿನಿಯಂ, ಅಂದರೆ ನೆಲದ ಒಡೆತನವಿಲ್ಲದ ಫ್ಲಾಟು ಮಾತ್ರ, ಅದೂ ಒಂದು ಯೋಜನೆಯಲ್ಲಿ ವಿದೇಶಿಯರ ಒಟ್ಟು ಪಾಲು ಶೇ. 40ರ ಮಿತಿಯೊಳಗಿದ್ದಾಗ.

ಫಿಲಿಪಿನೊ ಸಂಗಾತಿಯೇ ಅಮೆರಿಕ ಅಥವಾ ಕೆನಡಾದ ಪೌರತ್ವ ಪಡೆದು ಮೂಲ ಪೌರತ್ವವನ್ನು ಕಳೆದುಕೊಂಡಿದ್ದರೆ ಲೆಕ್ಕ ಬೇರೆಯಾಗುತ್ತದೆ. ಮಾಜಿ ಪ್ರಜೆಯ ಜೊತೆಯಲ್ಲಿ ಬಂದರೂ ಬಲಿಕ್‌ಬಾಯನ್ ವರ್ಷ ಸಿಗುತ್ತದೆ, ಆದರೆ 13(ಎ) ಸಿಗುವುದಿಲ್ಲ, ಏಕೆಂದರೆ ಅದು ಪ್ರಜೆಯ ಸಂಗಾತಿಗೆ ಮೀಸಲು. 2003ರ ಕಾಯ್ದೆ 9225 ಹುಟ್ಟು ಫಿಲಿಪಿನೊಗಳಿಗೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಿ ಪೌರತ್ವವನ್ನು ಮರಳಿ ಪಡೆಯುವ, ಹಾಗೂ ಹೊಸ ದೇಶದ ಪೌರತ್ವವನ್ನೂ ಉಳಿಸಿಕೊಳ್ಳುವ ಅವಕಾಶ ಕಲ್ಪಿಸಿದ ಮೇಲೆ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗಿದೆ: ಹೆಂಡತಿ ದ್ವಿಪೌರತ್ವ ಪಡೆದರೆ ಗಂಡನು 13(ಎ)ಗೆ ಅರ್ಹನಾಗುತ್ತಾನೆ, ಜಮೀನಿನ ಪ್ರಶ್ನೆಯೂ ಬಗೆಹರಿಯುತ್ತದೆ. ಮದುವೆಯನ್ನು ಅವಲಂಬಿಸದ ದಾರಿಯೊಂದು ಬೇಕೆನ್ನುವವರಿಗೆ, 1985ರಲ್ಲಿ ಸ್ಥಾಪಿತವಾದ ಫಿಲಿಪೀನ್ಸ್ ನಿವೃತ್ತಿ ಪ್ರಾಧಿಕಾರವು ಡಾಲರು ಠೇವಣಿಯ ಮೇಲೆ ನೀಡುವ ನಿವೃತ್ತರ ವಿಶೇಷ ನಿವಾಸ ವೀಸಾ ಇದೆ. ಅದು ದುಬಾರಿ, ಆದರೆ ದಾಂಪತ್ಯ ಮುರಿದರೂ ಮುರಿಯದು.

ಪೌರತ್ವದ ಹಾದಿಯಲ್ಲಿ 1939ರ ಪೌರೀಕರಣ ಕಾಯ್ದೆ ಗಂಡು-ಹೆಣ್ಣುಗಳನ್ನು ಬೇರೆ ಬೇರೆಯಾಗಿ ಕಾಣುತ್ತದೆಂಬುದು ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಫಿಲಿಪಿನೊ ಮಹಿಳೆಯನ್ನು ಮದುವೆಯಾದ ವಿದೇಶಿ ಪುರುಷನಿಗೆ ಹತ್ತು ವರ್ಷಗಳ ನಿವಾಸದ ಷರತ್ತು ಐದಕ್ಕೆ ಇಳಿಯುತ್ತದೆ, ಅಷ್ಟೆ. ಆತ ನ್ಯಾಯಾಲಯದ ಮೆಟ್ಟಿಲೇರಲೇಬೇಕು. ಫಿಲಿಪಿನೊ ಪುರುಷನನ್ನು ಮದುವೆಯಾದ ವಿದೇಶಿ ಮಹಿಳೆಯೋ, ಕಾಯ್ದೆ ಹೇಳುವ ಅನರ್ಹತೆಗಳಿಲ್ಲದಿದ್ದಲ್ಲಿ ಪ್ರಜೆಯೆಂದೇ ಪರಿಗಣಿತಳಾಗುತ್ತಾಳೆಂದು 1971ರಲ್ಲಿ ಸುಪ್ರೀಂ ಕೋರ್ಟ್ ವ್ಯಾಖ್ಯಾನಿಸಿದೆ. ಹೆಂಡತಿ ಗಂಡನ ದೇಶದವಳೇ ಆಗುತ್ತಾಳೆಂಬ ಹಳೆಯ ಊಹೆಯು ಇದರ ಹಿಂದಿದೆ. ವಿದೇಶಿಯನನ್ನು ವರಿಸಿದ ಫಿಲಿಪಿನೊ ಮಹಿಳೆ ಗಂಡನ ಪೌರತ್ವ ಪಡೆದೊಡನೆ ತನ್ನದನ್ನು ಕಳೆದುಕೊಳ್ಳುತ್ತಿದ್ದ ಕಾಲವೂ ಅಲ್ಲಿತ್ತು, ಅದನ್ನು ಕೊನೆಗಾಣಿಸಿದ್ದು 1973ರ ಸಂವಿಧಾನ.

ಭಾರತದ ಪಾಸ್‌ಪೋರ್ಟ್ ಹೊಂದಿರುವ ಸಂಗಾತಿಗಳ ಸ್ಥಿತಿ ಇವೆಲ್ಲಕ್ಕಿಂತ ಇಕ್ಕಟ್ಟಿನದು. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆ, ಹೋಟೆಲು, ಕಚೇರಿಗಳಲ್ಲಿ ಕರಾವಳಿಯ ಕನ್ನಡಿಗರೂ ಫಿಲಿಪಿನೊಗಳೂ ದಶಕಗಳಿಂದ ಜೊತೆಯಾಗಿ ದುಡಿಯುತ್ತಿರುವುದರಿಂದ ಇಂಥ ಮದುವೆಗಳು ಕನ್ನಡ ಕುಟುಂಬಗಳಿಗೆ ಸಂಬಂಧವಿಲ್ಲದ ಸಂಗತಿಯೇನಲ್ಲ. ಭಾರತೀಯರು ಬಹುಕಾಲದಿಂದ ಮುಂಗಡ ವೀಸಾ ಬೇಕಾದವರ ಗುಂಪಿನಲ್ಲೇ ಇದ್ದುದರಿಂದ, ಅಮೆರಿಕದ ಪೌರತ್ವ ಪಡೆದ ಕನ್ನಡಿಗನಿಗೆ ಕೌಂಟರಿನಲ್ಲಿ ಸುಲಭವಾಗಿ ದೊರೆಯುವ ಬಲಿಕ್‌ಬಾಯನ್ ವರ್ಷ, ದುಬೈಯಲ್ಲಿ ದುಡಿಯುವ ಭಾರತೀಯ ಪ್ರಜೆಯಾದ ಆತನ ಅಣ್ಣನಿಗೆ ಎಟುಕುತ್ತಿರಲಿಲ್ಲ. 2025ರ ಜೂನ್‌ನಿಂದ ಫಿಲಿಪೀನ್ಸ್ ಭಾರತೀಯ ಪ್ರವಾಸಿಗಳಿಗೆ 14 ದಿನಗಳ ವೀಸಾ ರಹಿತ ಪ್ರವೇಶವನ್ನು ನೀಡಿದೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್ ದೇಶಗಳು, ಸಿಂಗಪುರ ಅಥವಾ ಬ್ರಿಟನ್ನಿನ ಸಿಂಧುವಾದ ವೀಸಾ ಅಥವಾ ನಿವಾಸ ಪರವಾನಗಿ ಇದ್ದವರಿಗೆ ಅದು 30 ದಿನಗಳು. ಆ ಪಟ್ಟಿಯಲ್ಲಿ ಕೊಲ್ಲಿ ರಾಷ್ಟ್ರಗಳ ಹೆಸರಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಫಿಲಿಪೀನ್ಸ್ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ದೆಹಲಿಗೆ ಬಂದುಹೋದರು, ಅಕ್ಟೋಬರ್‌ನಿಂದ ದೆಹಲಿ-ಮನಿಲಾ ನಡುವೆ ಏರ್ ಇಂಡಿಯಾದ ನೇರ ವಿಮಾನವೂ ಹಾರತೊಡಗಿತು. ಆದರೆ 14 ದಿನಗಳ ಈ ಅವಕಾಶವು ಪ್ರವಾಸಕ್ಕೆ ಮಾತ್ರ ಮೀಸಲಾಗಿದ್ದು, ಅದನ್ನು ವಿಸ್ತರಿಸಲಾಗಲಿ ಬೇರೆ ವೀಸಾ ಆಗಿ ಬದಲಾಯಿಸಿಕೊಳ್ಳಲಾಗಲಿ ಬರುವುದಿಲ್ಲ. ಮಾವನ ಮನೆಯ ಮದುವೆಗೋ ಕ್ರಿಸ್‌ಮಸ್ಸಿಗೋ ಹೋಗಿಬರಲು ಅದು ಸಾಕು. ಅಲ್ಲಿ ನಿಂತು ನಿವಾಸಕ್ಕೆ ಅರ್ಜಿ ಹಾಕುವ ಯೋಚನೆಯಿರುವ ಭಾರತೀಯ ಸಂಗಾತಿಯು ಈ ಸುಲಭ ಪ್ರವೇಶವನ್ನು ಬದಿಗಿಟ್ಟು, ತಾನಿರುವ ದೇಶದ ಫಿಲಿಪೀನ್ಸ್ ರಾಯಭಾರ ಕಚೇರಿಯಿಂದ 9(ಎ) ವೀಸಾ ಮಾಡಿಸಿಕೊಂಡೇ ಹೋಗಬೇಕು.

ಫಿಲಿಪೀನ್ಸಿನ ಬಿಗಿಯನ್ನು ಆಕ್ಷೇಪಿಸುವ ಮೊದಲು ಭಾರತವು ತನ್ನ ವಿದೇಶಿ ಸೊಸೆಯರನ್ನು ನಡೆಸಿಕೊಳ್ಳುವ ಬಗೆಯನ್ನೂ ನೋಡಬೇಕು. ಭಾರತೀಯರನ್ನು ಮದುವೆಯಾದ ಫಿಲಿಪಿನೊ ಮಹಿಳೆಗೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್, ಅಂದರೆ ಒಸಿಐ, ದೊರೆಯಬೇಕಾದರೆ ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು. ಕಾರ್ಡ್ ಬಂದಮೇಲೂ ಆಕೆ ಕೃಷಿಭೂಮಿ ಕೊಳ್ಳುವಂತಿಲ್ಲ, ಮದುವೆ ಮುರಿದರೆ ಕಾರ್ಡೂ ಉಳಿಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಎರಡೂ ದೇಶಗಳು ಎದುರುಬದುರಾಗಿ ನಿಲ್ಲುತ್ತವೆ. ತಾಯಿ ಅಥವಾ ತಂದೆ ಫಿಲಿಪಿನೊ ಆಗಿದ್ದರೆ ಮಗು ಎಲ್ಲಿಯೇ ಹುಟ್ಟಿದರೂ ಹುಟ್ಟಿನಿಂದಲೇ ಫಿಲಿಪೀನ್ಸ್ ಪ್ರಜೆ, ಜನನವನ್ನು ದೂತಾವಾಸದಲ್ಲಿ ವರದಿ ಮಾಡಿ ಪಾಸ್‌ಪೋರ್ಟ್ ಮಾಡಿಸಿದರೆ ತಾಯಿಯ ಊರಿಗೆ ಹೋಗಲು ಅದಕ್ಕೆ ವೀಸಾ ಬೇಡವೇ ಬೇಡ. ಆದರೆ ದ್ವಿಪೌರತ್ವವನ್ನು ಒಪ್ಪದ ಭಾರತದಲ್ಲಿ, ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಭಾರತೀಯನೆಂದು ನೋಂದಾಯಿಸುವಾಗ ಅದಕ್ಕೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಘೋಷಿಸಬೇಕಾಗುತ್ತದೆ. ಆದ್ದರಿಂದ ಮನಿಲಾಕ್ಕೆ ಮೊದಲ ಟಿಕೆಟ್ ಕೊಳ್ಳುವ ಮೊದಲೇ ಮಗುವಿಗೆ ಯಾವ ಪಾಸ್‌ಪೋರ್ಟ್ ಎಂಬ ತೀರ್ಮಾನವನ್ನು ಆ ದಂಪತಿಗಳು ಮಾಡಿರಬೇಕು, ಮತ್ತು ಅದರ ಪ್ರಕಾರ ಮಂಗಳೂರಿನ ಅಜ್ಜಿಯ ಮನೆಗೋ ಸೆಬುವಿನ ಅಜ್ಜಿಯ ಮನೆಗೋ ಮಗು ವಿದೇಶಿಯಾಗಿ ಹೋಗಬೇಕಾಗುತ್ತದೆ.